ದೇಸಾಯರ ನೆಲಮಾಳಿಗೆ

ಜುಲೈ ತಿಂಗಳ ಸೆಖೆಗೆ ಇಡೀ ಲಂಡನ್ ಅರ್ಧ ತೋಳಿನ ಅಂಗಿಗೆ ಇಳಿದಿರುವಾಗ, ಸ್ವೆಟರ್ ತೊಟ್ಟು ಕಿವಿ ಮುಚ್ಚುವ ಮಂಕಿ ಟೋಪಿ ಏರಿಸಿಕೊಳ್ಳುತ್ತಿದ್ದವರು ನಮ್ಮ ದೇಸಾಯಿ ಡಾಕ್ಟರೊಬ್ಬರೇ. ಅದೂ ಮನೆಯೊಳಗೆ. ಅಡುಗೆಮನೆಯ ಮೂಲೆಯ ಸಣ್ಣ ಬಾಗಿಲು ತೆರೆದು ನೆಲಮಾಳಿಗೆಗೆ ಇಳಿಯುವ ಮುಂಚೆ ಈ ವೇಷ. ಕೆಳಗೆ ಅವರೇ ತಯಾರಿಸುತ್ತಿದ್ದ ಲಾಗರ್ ಬಿಯರು ಹುದುಗುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಾನು ಮೈಸೂರಿನಿಂದ ಬಂದು ಸ್ಟ್ರಾಟ್‌ಫರ್ಡಿನಲ್ಲಿ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ದೇಸಾಯರು ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಬೇರೆ ಬಿಯರು ಬೆಚ್ಚಗಿದ್ದರೂ ಆದೀತು, ಲಾಗರಿಗೆ ಮಾತ್ರ ತಂಪೇ ಬೇಕು ಎಂದು ನನಗೆ ಕಲಿಸಿದವರು ಅವರು. "ಲಾಗರ್ ಅಂದ್ರ ಪೇಶಂಟ್ ಇದ್ಧಾಂಗರೀ. ಥಂಡ್ಯಾಗ ಮಲಗಸಬೇಕು, ನಡುವ ಎಬ್ಬಸಬಾರದು," ಎನ್ನುತ್ತಿದ್ದರು. ಫ್ರಿಜ್ಜಿನ ಹಂಗಿಲ್ಲದೆ ವರ್ಷವಿಡೀ ತಣ್ಣಗಿರುವ ಆ ನೆಲಮಾಳಿಗೆಯನ್ನು ತಾವೇ ಅಗೆದು ಕಟ್ಟಿದವರ ಹಾಗೆ ಮಾತಾಡುತ್ತಿದ್ದರು. ಮನೆಗೆ ಬಂದವರಿಗೆ ಕೂತುಕೊಳ್ಳಿ ಎನ್ನುವ ಮೊದಲೇ ಕೆಳಗೆ ಕರೆದೊಯ್ದು ಅದರ ಗೋಡೆ ಮುಟ್ಟಿಸುತ್ತಿದ್ದರು.

ಅವರ ಹೆಂಡತಿ ಸುಮಿತ್ರಾರನ್ನು ನಾನು ಧಾರವಾಡದ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ವೈನಿಗೂ ಅದೇ ಜಾಗದ ಮೇಲೆ ಕಣ್ಣು. ಮನೆ ಬೆಚ್ಚಗಿಡುವ ಬಾಯ್ಲರು ಅಡುಗೆಮನೆಯ ಒಂದು ಗೋಡೆಯನ್ನೇ ನುಂಗಿತ್ತು. ಅದನ್ನು ಕೆಳಗಿಳಿಸಿ ಎಂದು ವೈನಿಯ ಹಟ. ಬಾಯ್ಲರು ಇಳಿದರೆ ತಂಪು ಹೋಯಿತು, ತಂಪು ಹೋದರೆ ಲಾಗರೂ ಹೋಯಿತು.

"ನಿಮ್ಮ ಬಿಯರ್‌ಗೆ ಒಂದು ಖೋಲಿ, ನನ್ನ ಅವಲಕ್ಕಿ ಡಬ್ಬಿಗೆ ಜಾಗಾ ಇಲ್ಲ!" ಎಂದು ವೈನಿ.

"ಮುಂದಿನ ವರ್ಷ ನೋಡೂಣಂತ," ಎಂದು ಇವರು.

ನಾನು ಹೋದಾಗಲೆಲ್ಲ ಚಹಾದ ಜೊತೆ ಈ ಜಗಳವೂ ಸಿಗುತ್ತಿತ್ತು.

ಒಂದು ಚಳಿಗಾಲ ವೈನಿಯ ತಾಯಿ ಧಾರವಾಡದಿಂದ ಬಂದರು. ಅತ್ತೆಯ ಎದುರು ಬಿಯರ್ ಎನ್ನುವ ಧೈರ್ಯ ಡಾಕ್ಟರಿಗೆಲ್ಲಿ? ಕೆಳಗಿನ ಡ್ರಮ್ಮಿನಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ದ್ವಾಸಿ ಹಿಟ್ಟರೀ, ಕನ್ನಡ ಸಂಘದ ಊಟಕ್ಕ. ಹುದುಗಲಿಕ್ಕೆ ಇಟ್ಟೀನಿ," ಎಂದುಬಿಟ್ಟರು. ಲಂಡನ್ನಿನ ಚಳಿಗೆ ಹಿಟ್ಟು ಹುದುಗಿಸಲು ನಮ್ಮವರು ಪಡುವ ಪಾಡನ್ನು ಅಜ್ಜಿ ಆಗಲೇ ಕಂಡಿದ್ದರು. ಅಳಿಯನ ಪೆದ್ದುತನಕ್ಕೆ ಮರುಗಿ, ಅವರು ವಾರಾಂತ್ಯದ ಡ್ಯೂಟಿಗೆ ಹೋದ ಹೊತ್ತಿಗೆ ಡ್ರಮ್ಮಿಗೆ ರಗ್ಗು ಹೊದಿಸಿ, ಪಕ್ಕದಲ್ಲಿ ಹೀಟರು ಹಚ್ಚಿಟ್ಟರು. ಡಾಕ್ಟರು ಬರುವಷ್ಟರಲ್ಲಿ ನೊರೆ ಮುಚ್ಚಳ ಎತ್ತಿಕೊಂಡು ನೆಲಕ್ಕೆಲ್ಲ ಹರಿದಿತ್ತು.

"ಹ್ಯಾಂಗ ಉಬ್ಬೇದ ನೋಡ್ರಿ ಅಳಿಯಂದ್ರ! ಥಂಡ್ಯಾಗ ಇಟ್ರ ಎಲ್ಲೆ ಹುದುಗ್ತದ?"

"ಭಾಳ ಛಲೋ ಮಾಡಿದ್ರಿ," ಎಂದು ಡಾಕ್ಟರು ನೆಲ ಒರೆಸಿದರು. ವೈನಿ ಬಾಯಿಗೆ ಸೆರಗು ತುರುಕಿಕೊಂಡು ಮೇಲಕ್ಕೆ ಓಡಿದರಂತೆ.

ಉಳಿದದ್ದನ್ನು ಡಾಕ್ಟರು ಬಾಟಲಿಗೆ ತುಂಬಿ ಕೆಲವು ವಾರಗಳ ಮೇಲೆ ನನಗೆ ಕೊಟ್ಟರು. ಬೆಚ್ಚಗೆ ಹುದುಗಿದ್ದಕ್ಕೆ ಅದಕ್ಕೆ ಬಾಳೆಹಣ್ಣಿನ ವಾಸನೆ ಬಂದಿತ್ತು. "ಇದು ಲಾಗರ್ ಅಲ್ಲರೀ, ಬಾಳಿಹಣ್ಣಿನ ಸೀಕರಣಿ," ಎಂದು ಮುಖ ಸಿಂಡರಿಸಿದರು. ನಿಜ ಹೇಳಬೇಕೆಂದರೆ ಅವರ ಕೈಯಿಂದ ಬಂದದ್ದರಲ್ಲೆಲ್ಲ ಅದೇ ಹೆಚ್ಚು ರುಚಿಯಾಗಿತ್ತು. ಹಾಗೆಂದು ಅವರ ಮುಂದೆ ಹೇಳಲು ನನಗೇನು ಹುಚ್ಚೇ?

ನಾನು ಲಂಡನ್ನಿನ ಇನ್ನೊಂದು ಮೂಲೆಯ ಕೊಲಿಂಡೇಲಿಗೆ ಮನೆ ಬದಲಿಸಿದ ಕೆಲವು ವರ್ಷಗಳ ಮೇಲೆ ದೇಸಾಯರು ಹೃದಯಾಘಾತದಿಂದ ತೀರಿಕೊಂಡರು. ಆ ಚಳಿಗಾಲ ವೈನಿಯನ್ನು ನೋಡಲು ಹೋದಾಗ ಹಳೆಯ ಬಾಯ್ಲರು ಕೆಟ್ಟು, ಹೊಸದನ್ನು ಕೂರಿಸುವವನು ಬಂದಿದ್ದ. ಕೆಳಗೆ ಬೇಕಾದಷ್ಟು ಜಾಗವಿದೆ, ಅಲ್ಲೇ ಹಾಕೋಣ ಎಂದ. ಅಂತೂ ವೈನಿ ಗೆದ್ದರು ಎಂದುಕೊಂಡೆ.

"ನೋ, ನೋ. ಹಿಯರ್ ಓನ್ಲಿ," ಎಂದು ವೈನಿ ಅದೇ ಗೋಡೆ ತೋರಿಸಿದರು.

ಆಮೇಲೆ ನನ್ನ ಕಡೆ ತಿರುಗಿದರು.

"ಕೆಳಗ ಅವರ ಬಾಟ್ಲಿ ಇನ್ನೂ ಅವ. ಮಲಗಿಸಿ ಹೋಗ್ಯಾರ. ನಾ ಯಾಕ ಎಬ್ಬಸಲಿ?"

ಗೂಟಕ್ಕೆ ನೇತುಹಾಕಿದ್ದ ಮಂಕಿ ಟೋಪಿಯನ್ನು ತೆಗೆದು ನನ್ನ ಕೈಗಿಟ್ಟರು.

"ಹೋಗ್ರಿ, ಗೋಡಿ ಮುಟ್ಟಿ ಬರ್ರಿ."