ತಣ್ಣನೆಯ ಎಂಜಿನ್ನಿನ ಜ್ವರ

ಇಸ್ತ್ರಿಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ರಾಯದುರ್ಗದಲ್ಲಿ ಯಾರೂ ಅದರ ದೀಪವನ್ನು ನಂಬುವುದಿಲ್ಲ. ಬೆರಳ ತುದಿಯನ್ನು ನೀರಿಗದ್ದಿ ಒಮ್ಮೆ ಚಿಮುಕಿಸಿದರೆ ಸಾಕು. ಚುಂಯ್ ಎಂದರೆ ಕಾದಿದೆ, ಸುಮ್ಮನೆ ಜಾರಿದರೆ ಇಲ್ಲ. ಜೀನ್ಸ್ ಪ್ಯಾಂಟು ಹೊಲಿದೇ ಹೊಟ್ಟೆ ಹೊರೆಯುವ ಊರಿನಲ್ಲಿ ಇದು ಮಕ್ಕಳಿಗೂ ಗೊತ್ತಿರುವ ವಿದ್ಯೆ. ಆದರೆ ನನ್ನ ಹೆಂಡತಿ ಸರೋಜ ಒಂದು ಬೆಳಿಗ್ಗೆ ಇದೇ ವಿದ್ಯೆಯನ್ನು ನಮ್ಮ ಸಾಮಾನಿನ ಗಾಡಿಯ ಎಂಜಿನ್ನಿನ ಮೇಲೆ ಪ್ರಯೋಗಿಸಿದಾಗ, ಓದುಗ ಮಿತ್ರರೇ, ನಗಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ.

ಗಾಡಿಯ ಪಾಡು ಹೀಗಿತ್ತು: ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದರೂ ಕೀಲಿ ತಿರುಗಿಸಿದೊಡನೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪುಗೆರೆಗೆ ಜಿಗಿಯುತ್ತಿತ್ತು. ನಾನು ರೇಡಿಯೇಟರಿಗೆ ನೀರು ತುಂಬಿಸಿದೆ, ಪೈಪು ಬದಲಿಸಿದೆ, ನೇಮಕಲ್ಲಿನ ಆಂಜನೇಯನಿಗೆ ಕಾಯಿಯನ್ನೂ ಒಡೆಸಿದೆ. ಮುಳ್ಳು ಜಗ್ಗಲಿಲ್ಲ. ಸರೋಜ ನೀರು ಚಿಮುಕಿಸಿ, ಚುಂಯ್ ಎನ್ನದಿದ್ದುದನ್ನು ಕಂಡು, "ತಣ್ಣಗೈತೆ, ನಡೀರಿ" ಎಂದಳು. ನಾನು ಮುಳ್ಳನ್ನೇ ನಂಬಿ ಕೆಳಗಿಳಿದೆ.

ಅವಸರವಿದ್ದದ್ದು ಅವಳಿಗೆ. ಅವಳ ತವರು ಮಡಕಶಿರ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿಬರಬಹುದಾದ ಹಿಂದೂಪುರದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಕೆಲಸವಿದೆ, ಸೋಮವಾರ ಬನ್ನಿ ಎಂದಿದ್ದರು. ತವರಿನಲ್ಲಿದ್ದು ದುಡಿಯುತ್ತೇನೆ, ರಜೆಗೆ ಬರುತ್ತೇನೆ ಎಂಬುದು ಅವಳ ಆಸೆ. "ಮೊದ್ಲು ಗಾಡಿ ಸರಿಯಾಗ್ಲಿ, ಆಮ್ಯಾಲ ನೋಡೋಣು" ಎಂದು ನಾನು ತಳ್ಳುತ್ತಿದ್ದೆ. ಅವಳು ಮೊದಮೊದಲು ವಾದಿಸಿದಳು, ಆಮೇಲೆ ಮಾತು ಕಡಿಮೆ ಮಾಡಿದಳು, ಕೊನೆಗೆ ಊಟಕ್ಕೆ ಕರೆಯುವುದಕ್ಕೂ ತಟ್ಟೆಯ ಸದ್ದನ್ನೇ ಬಳಸತೊಡಗಿದಳು. ಮೌನಂ ಸಮ್ಮತಿ ಲಕ್ಷಣಂ ಎಂದಿದ್ದಾರಲ್ಲ ಹಿರಿಯರು, ಒಪ್ಪಿದ್ದಾಳೆ ಎಂದುಕೊಂಡೆ.

ಕೊನೆಗೆ ಇಬ್ಬರೂ ಗಾಡಿಯನ್ನು ಮೆಕ್ಯಾನಿಕ್ ಖಾದರ್ ಭಾಯ್ ಅವರ ಶೆಡ್ಡಿಗೆ ಒಯ್ದೆವು. ಅವರು ಎಂಜಿನ್ನಿಗೆ ಕಚ್ಚಿಕೊಂಡಿದ್ದ ಬೆರಳುದ್ದದ ಸೆನ್ಸರಿನಿಂದ ವೈರು ಕಿತ್ತರು. ಮುಳ್ಳು ತಟ್ಟನೆ ಕೆಳಗೆ ಬಿತ್ತು. "ವೈರು, ಮುಳ್ಳು ಎಲ್ಲಾ ಚಲೋ ಅದಾವ್ರಿ. ಬಿಸಿ ಅಳೆಯೋ ಈ ಸೆನ್ಸರೇ ಸುಳ್ಳು ಹೇಳಾಕತ್ತೈತಿ" ಎಂದರು. ನಾನು ಅನುಮಾನದ ಪ್ರಾಣಿ. ನನ್ನ ಸಮಾಧಾನಕ್ಕೆಂದು ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತಂದು, ಹೊಸ ಸೆನ್ಸರನ್ನು ಅದರಲ್ಲಿ ಅದ್ದಿ, ಕರೆಂಟಿನ ತಡೆ ಅಳೆಯುವ ಮೀಟರು ಹಚ್ಚಿದರು. ಅಂಕಿ ಏರುವ ಬದಲು ಸರಸರನೆ ಇಳಿಯಿತು.

"ಇದೇನ್ರಿ ಭಾಯ್, ಬಿಸಿಯಾದ್ರ ಅಂಕಿ ಇಳಿಯಾಕತ್ತೈತಲ್ಲ?"

"ಅದರ ಗುಣಾನೇ ಹಂಗ್ರಿ. ಕಾದಷ್ಟೂ ಕಮ್ಮಿ. ಹಳೇದು ನೋಡ್ರಿ, ತಣ್ಣೀರಾಗೂ ಸೊನ್ನೆ ಹತ್ರಾನೇ ಐತಿ. ಅಂಕಿ ಇಳಿದ್ರ ಮುಳ್ಳು ಏರ್ತೈತಿ, ಅದಕ್ಕ ಯಾವಾಗ್ಲೂ ಕೆಂಪು."

ಕಾದಷ್ಟೂ ಕಮ್ಮಿ! ನಾನು ಮೆಲ್ಲನೆ ಸರೋಜಳತ್ತ ನೋಡಿದೆ. ಹಾಗಾದರೆ ಆ ತಟ್ಟೆಯ ಸದ್ದು ಸಮ್ಮತಿಯೋ, ಕುದಿಯೋ? ಹಿರಿಯರು ಸರಿಯೋ, ಖಾದರ್ ಭಾಯ್ ಸರಿಯೋ? ಗೊಂದಲ ಅಲ್ಲಿಗೇ ನಿಂತಿದ್ದರೆ ವಾಸಿಯಿತ್ತು. ಏನೂ ಬಿಸಿಯಿಲ್ಲದಾಗಲೂ ಅಪಾಯ ಅಪಾಯ ಎಂದು ಕೂಗುತ್ತಿದ್ದ ಆ ಹಳೆಯ ಸೆನ್ಸರು ನಮ್ಮ ಮನೆಯಲ್ಲಿ ಯಾರನ್ನು ಹೋಲುತ್ತದೆ ಎಂಬ ಇನ್ನೊಂದು ಹುಳ ತಲೆ ಹೊಕ್ಕಿತು. ನೀನು ಹೋದರೆ ಊಟ ಕೆಡುತ್ತದೆ, ಪ್ಯಾಂಟಿನ ಆರ್ಡರು ತಪ್ಪುತ್ತದೆ, ಮಂದಿ ಆಡಿಕೊಳ್ಳುತ್ತಾರೆ ಎಂದೆಲ್ಲ ಹೆದರಿಸಿದವನು ನಾನೇ ತಾನೆ?

ಅವಳು ಬಾಯಿ ಬಿಟ್ಟದ್ದು ಆಗ. "ನಾನು ಹೋದ್ರೆ ಅದಾಗ್ತೈತೆ, ಇದಾಗ್ತೈತೆ ಅಂತ ಎಲ್ಲಾ ಹೇಳಿದ್ರಿ. ಏನೂ ಆಗ್ದೆ ಇದ್ರೆ ಏನ್ ಮಾಡ್ತೀರಿ?"

ಖಾದರ್ ಭಾಯ್ ಇದ್ದಕ್ಕಿದ್ದಂತೆ ಕೈ ತೊಳೆಯಲು ಎದ್ದುಹೋದರು. ನಿಜ ಹೇಳಬೇಕೆಂದರೆ, ಕೆಟ್ಟದ್ದೇನಾದರೂ ಆಗುತ್ತದೆಂದು ನಾನು ಹೆದರಿರಲೇ ಇಲ್ಲ. ನಾನಿಲ್ಲದೆಯೂ ಅವಳು ಚೆನ್ನಾಗಿಯೇ ಇದ್ದುಬಿಡುತ್ತಾಳೆಂದು ಹೆದರಿದ್ದೆ. ಅದನ್ನು ಹೇಳುವುದು ಹೇಗೆ? "ನಾನೇ ಬಿಟ್ಟು ಬರ್ತೀನಿ" ಎಂದೆ, ಅಷ್ಟೆ.

ಸೋಮವಾರ ಮುಂಜಾನೆ ಮಡಕಶಿರದ ನಿಲ್ದಾಣದಲ್ಲಿ ಹಿಂದೂಪುರದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಅವಳು ಆಗಲೇ ಪಕ್ಕದವಳೊಡನೆ ತೆಲುಗಿನಲ್ಲಿ ನಗುತ್ತ ಮಾತಿಗಿಳಿದಿದ್ದಳು. ಬಸ್ಸು ಹೊರಟಿತು. ನಾನು ಹೇಳಿದ್ದ ಯಾವುದೂ ಆಗಲಿಲ್ಲ.