ಮೂಗಿಗೇರಿದ ಸೋಡಾ

ಬೀದಿಗೆಲ್ಲ ಆಕೆ ಸೋಡಾ ಅತ್ತಿಗೆ. ಮದುವೆಯಾಗಿ ಬಂದಾಗ ಮಾತ್ರ ಸೋಡಾ ಕುಡಿದು ಕೂಡ ಗೊತ್ತಿರಲಿಲ್ಲ. ಗಂಡನ ಮನೆಯ ಮುಂದಿನ ಕೋಣೆಯೇ ಸೋಡಾ ಕಾರ್ಖಾನೆ. ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಗ್ಯಾಸ್ ಸಿಲಿಂಡರು, ಅದರ ನೆತ್ತಿಯ ಮೇಲೆ ಒತ್ತಡ ತೋರಿಸುವ ಮುಳ್ಳು, ನೀರು ತುಂಬಿದ ಬಾಟಲಿಗಳನ್ನು ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಚಕ್ರ, ಚಕ್ರದ ಸುತ್ತ ದಪ್ಪ ಜಾಲರಿ. ತಿರುಗಿಸುವವರು ಮಾವ. ಮೂರು ಗಾಲಿಯ ಸೈಕಲ್ಲಿನಲ್ಲಿ ಅಂಗಡಿಗಳಿಗೆ ಹಾಕಿ ಬರುವವನು ಗಂಡ. ಅತ್ತೆಯ ಕೆಲಸ ಇನ್ನೂ ದೊಡ್ಡದು: ದಿನದ ಮೊದಲ ಬಾಟಲಿಯನ್ನು ಕುಡಿದು, ಕಣ್ಣು ಮುಚ್ಚಿ ಕಾಯುವುದು. ಗಟ್ಟಿ ತೇಗು ಬಂದರೆ ಸರಕು ಪಾಸು.

ಆ ವರ್ಷದ ಬೇಸಿಗೆಯಲ್ಲಿ ತೇಗು ಬರಲೇ ಇಲ್ಲ.

"ಸಪ್ಪೆ," ಅಂದರು ಅತ್ತೆ.

"ನಿನ್ನ ಹೊಟ್ಟೆ ಕೆಟ್ಟಿರಬೇಕು," ಅಂದರು ಮಾವ.

ಮಧ್ಯಾಹ್ನ ಕ್ಷೌರದಂಗಡಿಯವನು ನಾಲ್ಕು ಬಾಟಲಿ ವಾಪಸ್ ತಂದಿಟ್ಟ. "ಯಜಮಾನ್ರೇ, ಇದು ಸೋಡಾನೋ, ನಲ್ಲಿ ನೀರೋ?"

ಮಾವನಿಗೆ ರೇಗಿತು. ಮಾರನೆಯ ದಿನ ಸಿಲಿಂಡರಿನ ತಿರುಪನ್ನು ಇನ್ನೊಂದು ಸುತ್ತು ಬಿಚ್ಚಿದರು. ಅದರ ಮರುದಿನ ಇನ್ನೂ ಒಂದು ಸುತ್ತು. ಢಬ್ ಎಂದು ಒಂದು ಬಾಟಲಿ ಒಡೆಯಿತು. ಗಾಜಿನ ಚೂರುಗಳೆಲ್ಲ ಜಾಲರಿಯೊಳಗೇ ಉಳಿದವು.

ಗಾಜು ಗುಡಿಸುತ್ತಿದ್ದ ಸೊಸೆಯ ಕಣ್ಣು ಕಿಟಕಿಯ ಕಡೆ ಹೋಯಿತು. ಬೆಳಿಗ್ಗೆ ಆಕೆ ಅಲ್ಲಿಟ್ಟು ಮರೆತಿದ್ದ ಗಾಜಿನ ಲೋಟದ ನೀರಿಗೆ ಬಿಸಿಲು ಬಿದ್ದಿತ್ತು. ಲೋಟದ ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿದ್ದವು. ನೀರೊಳಗೆ ಅವು ಎಲ್ಲಿಂದ ಬಂದವು? ಬಿಸಿಲಿಗೆ ಕಾದ ನೀರು ಒಳಗಿದ್ದ ಗಾಳಿಯನ್ನು ಬಿಟ್ಟುಕೊಟ್ಟಿತೇ? ಪೊರಕೆ ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ಬಾಟಲಿಗಳಿಗೆ ತುಂಬುವ ತೊಟ್ಟಿಯ ನೀರಿಗೆ ಕೈ ಅದ್ದಿದಳು. ಸ್ನಾನಕ್ಕೆ ಕಾಯಿಸಿಟ್ಟ ಹಾಗಿತ್ತು.

"ಮಾವ, ಗ್ಯಾಸ್ ಕಡಿಮೆ ಆಗಿಲ್ಲ. ನೀರು ಬಿಸಿಯಾಗಿದೆ, ಅದು ಗ್ಯಾಸನ್ನ ಹಿಡ್ಕೊಳ್ತಾ ಇಲ್ಲ."

"ನೀರೇನು ಹಿಡ್ಕೊಳ್ಳುತ್ತೆ? ಅದಕ್ಕೆ ಕೈಯಿದ್ಯಾ?"

"ತುಂಬಿದ ಬಸ್ಸಿಗೂ ಕಂಡಕ್ಟರ್ ದಬ್ಬಿದ್ರೆ ಇನ್ನಿಬ್ರು ಹತ್ತಲ್ವಾ? ನೀರಿನ ಕಣಗಳ ನಡುವೆ ಗ್ಯಾಸಿನ ಕಣಗಳನ್ನ ನಾವು ಹಾಗೇ ದಬ್ಬಿ ತುಂಬಿಸೋದು. ಒಳಗೆ ಸೆಕೆಯಾದ್ರೆ ಯಾರೂ ಸುಮ್ಮನೆ ನಿಲ್ಲಲ್ಲ. ಎಲ್ರೂ ಅಲ್ಲಾಡಿ, ಬಾಗಿಲ ಕಡೆ ನುಗ್ತಾರೆ."

ಮಾವ ಚಕ್ರ ಬಿಟ್ಟು ಪಕ್ಕಕ್ಕೆ ಸರಿದರು. ಮೂವತ್ತು ವರ್ಷ ತಿರುಗಿಸಿದ ಭುಜವನ್ನು ನೀವಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತರು. ಅದನ್ನೇ ಒಪ್ಪಿಗೆ ಎಂದುಕೊಂಡ ಆಕೆ ಗಂಡನನ್ನು ಐಸ್ ತರಲು ಓಡಿಸಿದಳು. ಒಂದು ಬಾಟಲಿಗೆ ತೊಟ್ಟಿಯ ನೀರು, ಇನ್ನೊಂದಕ್ಕೆ ಐಸಿನ ನಡುವೆ ಇಟ್ಟು ತಣಿಸಿದ ನೀರು. ತಿರುಪನ್ನು ಹಳೆಯ ಗುರುತಿಗೇ ತಂದು, ಸೆರಗು ಸಿಕ್ಕಿಸಿ ತಾನೇ ಚಕ್ರ ತಿರುಗಿಸಿದಳು.

ಅತ್ತೆ ಮೊದಲನೆಯದನ್ನು ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟರು. ಎರಡನೆಯದನ್ನು ತುಟಿಗೆ ಹಚ್ಚಿದ್ದೇ ತಡ, ಅವರ ಕಣ್ಣಲ್ಲಿ ನೀರು ತುಂಬಿತು. ಮೂಗು ಒರೆಸಿಕೊಂಡರು, ಸೀನಿದರು, ಆಮೇಲೆ ಬಂದ ತೇಗಿಗೆ ಎದುರು ಮನೆಯ ದರ್ಜಿ ಮಿಷನ್ ನಿಲ್ಲಿಸಿ ಹೊರಗೆ ಬಂದ.

"ಯಾರ್ರೀ ಅದು?" ಅಂದ.

"ನಾನೇ ಕಣಯ್ಯಾ," ಅಂದರು ಅತ್ತೆ ಹೆಮ್ಮೆಯಿಂದ. "ಬಾ, ನೀನೂ ಒಂದು ಕುಡಿ."

ಸಂಜೆಯೊಳಗೆ ಅರ್ಧ ಬೀದಿ ಸೀನಿತು. ಕ್ಷೌರದಂಗಡಿಯವನು ಎರಡು ಕುಡಿದು ಮೂರನೆಯದಕ್ಕೆ ಕೈ ಚಾಚಿದ.

ಮರುದಿನ ಬೆಳಿಗ್ಗೆ ಮಾವ ಯಾರಿಗೂ ಹೇಳದೆ ಸೈಕಲ್ ಏರಿ ಐಸ್ ಕಾರ್ಖಾನೆಗೆ ಹೋದರು. ಗೋಣಿ ಸುತ್ತಿದ ದೊಡ್ಡ ಗಡ್ಡೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬರುವಷ್ಟರಲ್ಲಿ ಅದು ಕಾಲುಭಾಗ ಕರಗಿ, ಅವರ ಬೆನ್ನೆಲ್ಲ ಒದ್ದೆಯಾಗಿತ್ತು.

"ತಣ್ಣಗಿದೆ ಕಣಮ್ಮಾ," ಅಂದರು ನಗುತ್ತಾ. "ಬೇಗ ಇಳಿಸ್ಕೋ. ನಿನ್ನ ಬಸ್ಸಿನವರು ಕಾಯ್ತಿದ್ದಾರೆ."