ಮರದ ಹಿಡಿಯ ಕೆಳಗೆ ಬೆರಿಲ್ ಎಳೆದ ಮೂರು ಗೀರು

ಟಿಪ್ಟನ್ ಊರಿನ ಕಾಲುವೆ ದಂಡೆಯ ಗನ್ನಿನ ಅಂಗಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎಪ್ಪತ್ತೇಳರ ಬೆರಿಲ್ ಹಿಂಗ್ಲಿ ಟೀ ಕುಡಿಯುತ್ತಾ ಹಿಂಬದಿಯ ಕಿಟಕಿ ಬೆಳ್ಳಗಾಗುವುದನ್ನೇ ಕಾಯುತ್ತಿದ್ದಾಳೆ. ಮೇಜಿನ ಮೇಲೆ ಹಿಂದಿನ ದಿನ ಬಂದ ಮೂರು ಹಳೆಯ ಏರ್‌ಗನ್‌ಗಳಿವೆ. ದೀಪದ ಬೆಳಕಲ್ಲಿ ಆಕೆ ಯಾವುದನ್ನೂ ನೋಡುವವಳಲ್ಲ.

ಬೆಳಕು ಬಂದ ಮೇಲೆ ಮೊದಲ ಕೆಲಸ ಮೂಗಿನದು. ನಳಿಗೆಯ ಬಾಯಲ್ಲಿ ಸುಟ್ಟೆಣ್ಣೆಯ ವಾಸನೆ ಬಂದರೆ ಯಾರೋ ಒಳಗೆ ಎಣ್ಣೆ ಸುರಿದು ಹೊಡೆದಿದ್ದಾರೆ, ಸ್ಪ್ರಿಂಗು ಸೋತಿದೆ ಎಂದು ಲೆಕ್ಕ. ಆಮೇಲೆ ಸ್ಕ್ರೂಗಳ ತಲೆ. ಸೀಳು ಕಿತ್ತುಹೋಗಿದ್ದರೆ ಬಿಚ್ಚಿ ಕೈಯಾಡಿಸಿದ ಗನ್ನು. ಕಡೆಗೆ, ಲೋಹದ ಮೇಲೆ ಒತ್ತಿದ ಅಕ್ಷರಗಳ ಅಂಚಿನಗುಂಟ ಹೆಬ್ಬೆರಳ ಉಗುರು ಎಳೆಯುತ್ತಾಳೆ. “ಕಣ್ಣಿಗೆ ಮಣ್ಣೆರಚ್‌ಬೋದು, ಉಗುರಿಗೆ ಆಗಲ್ಲ” ಅನ್ನುತ್ತಾಳೆ.

ಇಲ್ಲಿನ ಕಾನೂನಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಕೊಂಡ ಏರ್‌ಗನ್ನನ್ನು ಅಂಗಡಿಯವನು ನೇರ ಮನೆಗೆ ಕಳಿಸುವಂತಿಲ್ಲ. ಕೊಂಡವನ ಊರಿನ ಲೈಸೆನ್ಸ್ ಇರುವ ಅಂಗಡಿಗೆ ಕಳಿಸಬೇಕು, ಅಲ್ಲಿ ಮುಖ ನೋಡಿ ಕೈಗೆ ಕೊಡಬೇಕು. ಹಾಗಾಗಿ ವಾರಕ್ಕೆ ಹನ್ನೆರಡೋ ಹದಿನೈದೋ ಗನ್ನುಗಳು ಬೆರಿಲ್‌ಳ ಅಕ್ಕನ ಮಗ ಕೀತ್‌ನ ಈ ಅಂಗಡಿಗೆ ಬರುತ್ತವೆ. ಫೋಟೋದಲ್ಲಿ ಕಂಡಂತೆಯೇ ಇರುವುದು ಅದರಲ್ಲಿ ನಾಲ್ಕು. ಮಿಕ್ಕವು ಎಣ್ಣೆ ಸವರಿಸಿಕೊಂಡು ಮದುವಣಗಿತ್ತಿಯ ಹಾಗೆ ಫೋಟೋಕ್ಕೆ ನಿಂತವು. ಎಲ್ಲಕ್ಕಿಂತ ದೊಡ್ಡ ಮೋಸ ಹಳೆಯ ಗನ್ನಿಗೆ ಹೊಸದಾಗಿ ನೀಲಿ, ಅಂದರೆ ತುಕ್ಕು ತಡೆಯುವ ಕಡುನೀಲಿ ಬಣ್ಣ, ಕಟ್ಟುವುದು. ನೀಲಿ ಕಟ್ಟುವ ಮುಂಚೆ ಲೋಹವನ್ನು ಮತ್ತೆ ಉಜ್ಜಲೇಬೇಕು, ಉಜ್ಜಿದರೆ ಅಕ್ಷರಗಳ ಅಂಚು ಸವೆಯಲೇಬೇಕು. ಸಂಗ್ರಹಕಾರರು ಅಂಥದ್ದನ್ನು ಮುಟ್ಟುವುದಿಲ್ಲ.

ಬೆರಿಲ್‌ಗೆ ಇದೆಲ್ಲ ಓದಿ ಬಂದದ್ದಲ್ಲ. ಹದಿನಾರಕ್ಕೇ ಏರ್‌ಗನ್ ಕಾರ್ಖಾನೆ ಸೇರಿದವಳು. ದಿನಕ್ಕೆ ಎಂಬತ್ತು ನಳಿಗೆ ಚಕ್ರಕ್ಕೆ ಹಿಡಿದು ಉಜ್ಜಿ, ಕುದಿಯುವ ಉಪ್ಪಿನ ತೊಟ್ಟಿಗೆ ಅದ್ದಿ, ನೀಲಿ ಹಿಡಿಸಿ ತೆಗೆಯಬೇಕಿತ್ತು. ಸಿಡಿದ ಕಲೆಗಳು ಮುಂಗೈ ಮೇಲೆ ಇನ್ನೂ ಇವೆ. ಮರದ ಹಿಡಿ ಮುಚ್ಚುವ ಜಾಗದಲ್ಲಿ ಪ್ರತಿ ಹೆಂಗಸೂ ತನ್ನ ಗುರುತು ಗೀರುತ್ತಿದ್ದಳು, ತಿರಸ್ಕೃತವಾದ ಮಾಲು ಮಾಡಿದವಳ ಮಡಿಲಿಗೇ ವಾಪಸು ಬೀಳಲಿ ಎಂದು. ಬೆರಿಲ್‌ಳದು ಮೂರು ಗೀರು. ಪಕ್ಕದ ಚಕ್ರದ ನೆಸ್ಟಾಳದು ಒಂದು ಕತ್ತರಿ ಗುರುತು. ಮೇಸ್ತ್ರಿ ನೆಸ್ಟಾಳ ನಳಿಗೆಯನ್ನು ಎತ್ತಿ ಹಿಡಿದು ಎಲ್ಲರಿಗೂ ಮಾದರಿಯಾಗಿ ತೋರಿಸುತ್ತಿದ್ದ. “ನಂದನ್ನ ಒಂದಿನಾನೂ ಎತ್ತಲಿಲ್ಲ” ಎಂದು ಬೆರಿಲ್ ಹೇಳುವಾಗ ಅದು ನಿನ್ನೆ ನಡೆದ ಹಾಗಿರುತ್ತದೆ.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ನೆಸ್ಟಾ ಈಗ ಸಮುದ್ರ ತೀರದ ಊರಲ್ಲಿ ಕೂತು, ಸಂಗ್ರಹಕಾರರು ಕಳಿಸುವ ಫೋಟೋ ನೋಡಿ ಇಂಟರ್‌ನೆಟ್ಟಿನಲ್ಲಿ ತೀರ್ಪು ಬರೆಯುತ್ತಾಳೆ. ಆಕೆ ಹೇಳಿದರೆ ಮುಗಿಯಿತು. ಅವಳ ಹೆಸರಿನ ಕೆಳಗೆ ಯಾರೋ ‘ಆ ಕಾರ್ಖಾನೆಯ ಕೊನೆಯ ಕುಶಲಗಾರ್ತಿ’ ಎಂದು ಬರೆದಿದ್ದಾರೆ. ಬೆರಿಲ್ ಅದನ್ನು ಕೀತ್‌ನಿಂದ ಎರಡು ಸಲ ಓದಿಸಿದಳು. ಹಾಗಾದರೆ ತಾನೇನು ಸತ್ತಿದ್ದೇನೆಯೇ ಎಂದು ಕೇಳಿ, ಆ ದಿನ ಊಟ ಬಿಟ್ಟಳು.

ಈ ಗುರುವಾರ, ಬಸ್ ಚಾಲಕ ಡಾರಿಲ್ ಫೆಲೋಸ್ ಡ್ಯೂಟಿಗೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದಾನೆ. ಮೇಜಿನ ಮೇಲಿನ ಮೂರರಲ್ಲಿ ಒಂದು ಅವನದು. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ತಯಾರಾದ ಗನ್ನು, ಅಂಥದ್ದನ್ನು ಹನ್ನೊಂದು ವರ್ಷ ಹುಡುಕಿದ್ದಾನೆ. ಕೊಂಡ ಮೇಲೆ ಫೋಟೋಗಳನ್ನು ನೆಸ್ಟಾಗೆ ಕಳಿಸಿದ್ದಾನೆ. ಮತ್ತೆ ನೀಲಿ ಕಟ್ಟಿದ್ದು, ವಾಪಸು ಕಳಿಸಿ ಎಂದು ಉತ್ತರ ಬಂದಿದೆ. ಮಾರಿದವನು ಕೊಟ್ಟ ಗಡುವು ಇವತ್ತು ಸಂಜೆಗೆ ಮುಗಿಯುತ್ತದೆ.

“ಚಿಕ್ಕಮ್ಮಾ, ನಿನ್ನ ಕಾರ್ಖಾನೆ ಸವತಿ ಆಗ್ಲೇ ತೀರ್ಪು ಕೊಟ್ಟಾಯ್ತು. ಇನ್ನು ನೀನ್ಯಾಕೆ ನೋಡ್ತೀಯ?” ಕೀತ್ ಕೆಣಕುತ್ತಾನೆ.

ಬೆರಿಲ್ ಅಕ್ಷರಗಳ ಮೇಲೆ ಉಗುರು ಎಳೆಯುತ್ತಾಳೆ. ಅಂಚುಗಳು ಸವೆದಿವೆ, ಸೋಪಿನ ಮೇಲೆ ಒತ್ತಿದ ಹೆಸರಿನ ಹಾಗೆ. ನೆಸ್ಟಾ ಹೇಳಿದ್ದೇ ಸರಿ. ನಾಲಿಗೆಗೆ ಬೇವು ಸವರಿದಂತಾಗುತ್ತದೆ. ಇನ್ನೊಮ್ಮೆ ತಿರುಗಿಸಿ ನೋಡುತ್ತಾಳೆ. ಸ್ಕ್ರೂಗಳ ಸೀಳಿನಲ್ಲಿ ಹಳೆಯ ಕೊಳೆ ಕಲ್ಲಾಗಿ ಕೂತಿದೆ. ಒಮ್ಮೆಯೂ ಬಿಚ್ಚಿದ ಗನ್ನಲ್ಲ ಇದು, ಬಿಚ್ಚದೆ ನೀಲಿ ಕಟ್ಟುವುದು ಹೇಗೆ? ಅಂದರೆ ನೀಲಿ ಕಾರ್ಖಾನೆಯದೇ, ನೆಸ್ಟಾ ತಪ್ಪಿದಳು. ಬೆರಿಲ್‌ಳ ಕೆನ್ನೆ ಕೆಂಪೇರುತ್ತದೆ. ಡಾರಿಲ್‌ನ ಒಪ್ಪಿಗೆ ಪಡೆದು, ಉಜ್ಜಿದವಳ ಗುರುತು ನೋಡಲು ಸ್ಕ್ರೂ ಬಿಚ್ಚಿ, ಮರದ ಹಿಡಿಯನ್ನು ಮೆಲ್ಲಗೆ ಎತ್ತುತ್ತಾಳೆ.

ಒಳಗೆ ಮೂರು ಗೀರುಗಳಿವೆ.

ಆಕೆ ಹಿಡಿಯನ್ನು ಹಾಗೇ ಮುಚ್ಚುತ್ತಾಳೆ. ಸುಮ್ಮನಿದ್ದರೆ ನೆಸ್ಟಾಳ ಮಾತು ನಿಲ್ಲುತ್ತದೆ, ಡಾರಿಲ್‌ನ ಹನ್ನೊಂದು ವರ್ಷ ಪೆಟ್ಟಿಗೆ ಸೇರಿ ವಾಪಸು ಹೋಗುತ್ತದೆ. ಬಾಯಿಬಿಟ್ಟರೆ ನೆಸ್ಟಾ ಸೋಲುತ್ತಾಳೆ ನಿಜ. ಆದರೆ ಅಕ್ಷರ ತಿಂದ ಕೈ ಯಾವುದೆಂದು ನೆಸ್ಟಾ ಓದುವ ಜಾಗದಲ್ಲೇ ಬರೆಯಬೇಕಾಗುತ್ತದೆ. ಮೇಸ್ತ್ರಿ ಯಾಕೆ ಎತ್ತಿ ತೋರಿಸಲಿಲ್ಲವೆಂದು ಊರಿಗೆಲ್ಲ ತಿಳಿಯುತ್ತದೆ.

“ಏನ್ ಆಂಟಿ, ಕಳಿಸಿಬಿಡ್ಲಾ?” ಡಾರಿಲ್ ಗಡಿಯಾರ ನೋಡುತ್ತಾನೆ.

“ಇಟ್ಕೋ” ಅನ್ನುತ್ತಾಳೆ ಬೆರಿಲ್. “ಕಾರ್ಖಾನೆಯಿಂದ ಬಂದ ನೀಲಿನೇ ಇದು.”

ಅಂಚು ಸವೆದಿದೆಯಲ್ಲ ಎಂದು ಅವನು ಅನುಮಾನಿಸುತ್ತಾನೆ. ಆಕೆ ಹಿಡಿಯನ್ನು ಮತ್ತೆ ಎತ್ತಿ ಗೀರುಗಳನ್ನು ತೋರಿಸುತ್ತಾಳೆ. “ಜಾಸ್ತಿ ಉಜ್ಜಿದವಳು ನಾನು ಕಣಪ್ಪ. ನನ್ನ ಕೈ ಭಾರ. ನೆಸ್ಟಾ ಮುಟ್ಟಿದ್ರೆ ಅಕ್ಷರ ಬ್ಲೇಡಿನ ಹಾಗಿರ್ತಿತ್ತು, ಅದು ಸುಳ್ಳಲ್ಲ. ಬರೀ, ಅವಳಿಗೆ ಬರೀ. ನನ್ನ ಹೆಸರು ಹಾಕೇ ಬರೀ.”

ಡಾರಿಲ್ ನಿಂತಲ್ಲೇ ಫೋನಿನಲ್ಲಿ ಬರೆದು ಕಳಿಸುತ್ತಾನೆ. ಆಕೆ ಜೋಡಿಸಿಕೊಟ್ಟ ಗನ್ನನ್ನು ಅವನು ಹೆಗಲಿಗೇರಿಸಿ ಬಾಗಿಲು ದಾಟುವ ಮುಂಚೆಯೇ ಉತ್ತರ ಬರುತ್ತದೆ. ಓದಿ ಹೇಳಲೋ ಬೇಡವೋ ಎಂದು ಅವನು ತಡವರಿಸಿದಾಗ, ಓದು ಎಂದು ಆಕೆಯೇ ಗದರುತ್ತಾಳೆ. ಆ ಸವೆತ ನೋಡಿದಾಗ ಬೆರಿಲ್‌ಳ ನೆನಪೇ ಆಯಿತು, ಆದರೆ ಕೇಳೋಣವೆಂದರೆ ಅವಳು ಇನ್ನೂ ಇದ್ದಾಳೆಂದು ಗೊತ್ತಿರಲಿಲ್ಲ ಎಂದು ನೆಸ್ಟಾ ಬರೆದಿದ್ದಾಳೆ.

ಬೆರಿಲ್ ಎರಡನೆಯ ಗನ್ನನ್ನು ಬೆಳಕಿಗೆ ಎಳೆದುಕೊಳ್ಳುತ್ತಾಳೆ. ತಲೆ ಎತ್ತದೆ ಡಾರಿಲ್‌ಗೆ ಹೇಳುತ್ತಾಳೆ:

“ಇನ್ನೊಂದು ಮಾತು ಬರೀ. ಉಜ್ಜಿದ್ದು ಕೆಟ್ಟದಾಗೇ ಇದೆ, ಒಪ್ಕೊಂಡೆ. ಆದ್ರೆ ಅರವತ್ತು ವರ್ಷ ಆಯ್ತು, ನಾನು ಕಟ್ಟಿದ ನೀಲೀಲಿ ಎಲ್ಲಾದ್ರೂ ಒಂದು ಚುಕ್ಕೆ ತುಕ್ಕು ಕಂಡ್ರೆ ತೋರ್ಸು ಅನ್ನು.”